ಹಕಾರದ ನವೆಂಬರ್

ನಮ್ಮೂರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮೈಕ್ ಸೆಟ್‌ನವರ ಮನೆ ಎಲ್ಲಿ ಎಂದು ವಿಚಾರಿಸಿದರೆ, "ಅಲೋ ಅಣ್ಣನ ಮನೇನಾ?" ಎಂದು ತಿರುಗಿ ಕೇಳುತ್ತಾರೆ. ಕಾರ್ಯಕ್ರಮ ಶುರುವಾಗುವ ಮುಂಚೆ ಮೈಕಿನ ಮುಂದೆ ನಿಂತು ನಾನು ಆಡುವ ಮಾತು ಅದೊಂದೇ. "ಅಲೋ... ಅಲೋ... ಮೈಕ್ ಟೆಸ್ಟಿಂಗ್." ಬೇರೆ ಕಡೆಯವರು ಹಲೋ ಎನ್ನುತ್ತಾರೆ. ನನ್ನ ಬಾಯಲ್ಲಿ ಅದು ಅಲೋ.

ಇದಕ್ಕೆ ನನ್ನದೇ ಒಂದು ವಾದವಿದೆ. ಮೈಕಿಗೆ ಗಾಳಿ ಆಗದು. ಉಸಿರು ನೇರವಾಗಿ ಬಡಿದರೆ ಸೌಂಡ್ ಬಾಕ್ಸು ಬುಸ್ ಎನ್ನುತ್ತದೆ. ಅದಕ್ಕೇ ಮೈಕಿನ ತಲೆಗೆ ಸ್ಪಂಜಿನ ಟೋಪಿ ಹಾಕುವುದು. ಹಕಾರ ಅಂದರೆ ಏನು? ಬರೀ ಉಸಿರು ತಾನೇ? ಹಾಗಿದ್ದ ಮೇಲೆ ಮೈಕ್ ಟೆಸ್ಟ್ ಮಾಡುವಾಗ ಅಲೋ ಎನ್ನುವುದೇ ಸರಿ. ಈ ವಾದವನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ನಿಜ ಹೇಳಬೇಕೆಂದರೆ ನಮ್ಮ ಕಡೆಯ ನಾಲಿಗೆಗೆ ಹಕಾರ ಸಲೀಸಾಗಿ ಒಗ್ಗುವುದಿಲ್ಲ. ಹಸು ಅಸುವಾಗುತ್ತದೆ, ಹಾಲು ಆಲಾಗುತ್ತದೆ. ದೇವನಹಳ್ಳಿಯಲ್ಲಿ ಹುಟ್ಟಿ ಬೆಳೆದವರೂ ದೇವನಳ್ಳಿ ಎಂದೇ ಟಿಕೆಟ್ ಕೇಳುವುದು. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಮೈಕ್ ಎದುರಿಗೆ ಬಂದು ಶುದ್ಧವಾಗಿ ಮಾತಾಡೋಣ ಎಂದು ಎದೆ ಸೆಟೆಸಿದ ತಕ್ಷಣ, ಬೇಕಾದ ಕಡೆ ಬಾರದ ಹಕಾರ ಬೇಡದ ಕಡೆ ಬಂದು ಕೂರುತ್ತದೆ. ಲಾಕ್‌ಡೌನಿನಲ್ಲಿ ಬಡವರಿಗೆ ಅಕ್ಕಿ ಹಂಚಿದ ದಾನಿಯೊಬ್ಬರನ್ನು ಸನ್ಮಾನಿಸುವಾಗ ಭಾಷಣಕಾರರು, "ಇವರು ಮನೆಮನೆಗೂ ಹಕ್ಕಿ ಕೊಟ್ಟ ಪುಣ್ಯಾತ್ಮರು" ಎಂದುಬಿಟ್ಟರು. ದಾನಿಗಳು ಕೈಮುಗಿದೇ ಇದ್ದರು. ಹಿಂದಿನ ಸಾಲಿನಿಂದ ಯಾರೋ, "ನಮ್ಮನೆಗೆ ಬಂದಿದ್ದು ಆರೋಯ್ತು ಕಣಣ್ಣಾ" ಎಂದು ಕೂಗಿದರು.

ಗಣಪತಿ ಮುಗಿದು, ದಸರಾ ಮುಗಿದು, ಬೆಳಗಿನ ಹೊತ್ತು ಮಂಜು ಬೀಳಲು ಶುರುವಾಯಿತೆಂದರೆ ನನ್ನ ಸುಗ್ಗಿ. ರೈತರಿಗೆ ರಾಗಿ ಕೊಯ್ಲು, ನನಗೆ ರಾಜ್ಯೋತ್ಸವ. ಬೇರೆಯವರಿಗೆ ಅದು ಒಂದು ದಿನದ ಹಬ್ಬ ಇರಬಹುದು, ನಮ್ಮ ಕಡೆ ತಿಂಗಳು ಪೂರ್ತಿ ನಡೆಯುತ್ತದೆ. ಆಟೋ ಸ್ಟ್ಯಾಂಡಿನವರದ್ದು ಒಂದು ದಿನ, ರೇಷ್ಮೆ ಗೂಡಿನ ಮಾರುಕಟ್ಟೆಯವರದ್ದು ಒಂದು ದಿನ, ಶಾಲೆಯವರದ್ದು ಇನ್ನೊಂದು ದಿನ. ಇವತ್ತು ದೇವನಹಳ್ಳಿ ಕೋಟೆ ಹತ್ತಿರ ಸುಗಮ ಸಂಗೀತವಾದರೆ ನಾಳೆ ಆವತಿಯಲ್ಲಿ ಮಕ್ಕಳ ಕಥಾ ಸ್ಪರ್ಧೆ, ನಾಡಿದ್ದು ದೊಡ್ಡಬಳ್ಳಾಪುರದಲ್ಲಿ ಕವಿಗೋಷ್ಠಿ. ಲಗೇಜ್ ಆಟೋದಲ್ಲಿ ಸೌಂಡ್ ಬಾಕ್ಸು, ವೈರು, ಸ್ಟ್ಯಾಂಡು ತುಂಬಿಕೊಂಡು ನಾನು ಎಲ್ಲ ಕಡೆಯೂ ಇರುತ್ತೇನೆ. ದೇವನಹಳ್ಳಿ ಕಡೆಯ ಕವಿಗಳಿಗೆ ಒಂದು ಅಭ್ಯಾಸವಿದೆ. ತಲೆ ಮೇಲೆ ವಿಮಾನ ಬಂದರೆ ಸಾಲಿನ ನಡುವೆಯೇ ನಿಲ್ಲಿಸಿ, ಅದು ಹೋದ ಮೇಲೆ ಅದೇ ಸಾಲನ್ನು ಮತ್ತೆ ಓದುತ್ತಾರೆ. ಹೊರಗಿನಿಂದ ಬಂದ ಕವಿಗಳಿಗೆ ಇದು ಗೊತ್ತಿರುವುದಿಲ್ಲ. ಅವರ ಅರ್ಧ ಪದ್ಯ ವಿಮಾನದ ಜೊತೆ ಹೋಗುತ್ತದೆ.

ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ ಚರಕ ತಿರುಗಿಸಿದೆ, ಬಿಸಿನೀರಿನಲ್ಲಿ ಗೂಡು ಕಲಕಿ ಬೆರಳು ಬೇಯಿಸಿಕೊಂಡೆ. ಆಮೇಲೆ ಮೈಕ್ ಸೆಟ್ ಅಂಗಡಿ ಸೇರಿ, ಕೆಲಸ ಕಲಿತು, ಹಳೆಯದೊಂದು ಆಂಪ್ಲಿಫೈಯರ್ ಕೊಂಡು ನನ್ನದೇ ಸೆಟ್ ಮಾಡಿದೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಮೈಕ್ ಯಾವ ಗಣ್ಯರ ಮಾತಿನ ನಡುವೆಯೂ ಕೂಗಿಕೊಂಡಿಲ್ಲ, ಸತ್ತೂ ಹೋಗಿಲ್ಲ. ಇದನ್ನು ಜಂಬ ಎನ್ನುವವರು ಅನ್ನಲಿ. ಸಾಹಿತ್ಯವನ್ನು ನಾನು ಓದಿದ್ದು ಕಡಿಮೆ, ಕೇಳಿದ್ದು ಬಹಳ. ಈ ತಾಲ್ಲೂಕಿನಲ್ಲಿ ನನ್ನಷ್ಟು ಕವಿಗೋಷ್ಠಿಗಳನ್ನು ಪೂರ್ತಿಯಾಗಿ ಕೇಳಿದವರು ಇನ್ನೊಬ್ಬರಿಲ್ಲ. ಕವಿಗಳು ತಮ್ಮ ಪದ್ಯ ಓದಿ, ಶಾಲು ಹೊದ್ದು ಎದ್ದು ಹೋಗುತ್ತಾರೆ. ವೈರು ಸುತ್ತುವವರೆಗೂ ಕೂರುವವನು ನಾನೊಬ್ಬನೇ.

ಹೋದ ವರ್ಷದ ನವೆಂಬರಿನಲ್ಲಿ ನಮ್ಮೂರ ಕನ್ನಡ ಸಂಘಕ್ಕೆ ಒಂದು ಸಂಕಟ ಬಂತು. ಪ್ರತಿ ವರ್ಷ ನಿರೂಪಣೆ ಮಾಡುತ್ತಿದ್ದವರು ನಿವೃತ್ತ ಕನ್ನಡ ಮೇಷ್ಟ್ರು. ಅವರಿಗೆ ಗಂಟಲಿನ ಆಪರೇಷನ್ ಆಗಿ, ತಿಂಗಳುಗಟ್ಟಲೆ ಬಾಯಿ ಬಿಡಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ನವೆಂಬರಿನಲ್ಲಿ ಬೇರೆ ನಿರೂಪಕರು ಎಲ್ಲಿ ಸಿಗುತ್ತಾರೆ? ಕಾಲೇಜಿನ ಲೆಕ್ಚರರುಗಳೆಲ್ಲ ದಸರಾಕ್ಕೆ ಮುಂಚೆಯೇ ಬುಕ್ ಆಗಿರುತ್ತಾರೆ.

ಸಂಘದ ಅಧ್ಯಕ್ಷರದ್ದು ಬೇಕರಿ. ಸಭೆ ಎಂದರೆ ಅಲ್ಲೇ, ಬನ್ನು ಟೀ ಜೊತೆಗೆ. ನಾನು ಮೈಕ್ ವಿಷಯ ಕೇಳಿಕೊಂಡು ಬರೋಣ ಎಂದು ಹೋಗಿದ್ದೆ. ಅಧ್ಯಕ್ಷರು ನನ್ನ ಮುಖವನ್ನೇ ನೋಡಿದರು.

"ನೀನೇ ಯಾಕ್ ಮಾಡ್ಬಾರ್ದಪ್ಪ ನಿರೂಪಣೆ? ಮೇಷ್ಟ್ರು ಆಡೋ ಮಾತೆಲ್ಲ ಇಷ್ಟು ವರ್ಷದಿಂದ ಪಕ್ಕದಲ್ಲೇ ನಿಂತು ಕೇಳಿದ್ದೀಯ."

ಆಟೋ ಸ್ಟ್ಯಾಂಡಿನ ಲೀಡರು ಅಲ್ಲೇ ಕೂತಿದ್ದ. ಅವನೂ ನಾನೂ ಒಂದೇ ಬೆಂಚಿನಲ್ಲಿ ಓದಿ ಒಟ್ಟಿಗೆ ಶಾಲೆ ಬಿಟ್ಟವರು. ಅವನು ಟೀ ಲೋಟ ಕೆಳಗಿಟ್ಟ.

"ಯಾರು, ಇವ್ನಾ? ಎಲ್ರಿಗೂ ಆರ್ಥಿಕ ಸ್ವಾಗತ ಕೊಡ್ತಾನೆ ನೋಡಿ ಬೇಕಾದ್ರೆ."

ಹಾರ್ದಿಕ ಸ್ವಾಗತ ನಮ್ಮ ಬಾಯಲ್ಲಿ ಆರ್ದಿಕ ಆಗಿ, ಕೇಳುವವರ ಕಿವಿಯಲ್ಲಿ ಆರ್ಥಿಕ ಆಗುವುದು ಊರಿಗೇ ಗೊತ್ತಿರುವ ತಮಾಷೆ. ಬೇಕರಿ ಪೂರ್ತಿ ನಕ್ಕಿತು.

"ಲೇ, ನಗ್ಬೇಡ. ನಾನೇ ಮಾಡ್ತೀನಿ, ಬರ್ಕೊಳ್ಳಿ" ಎಂದೆ. "ಒಂದೇ ಒಂದು ಅಕ್ಷರ ತಪ್ಪಿದ್ರೆ ಕೇಳು."

"ನೀನು ಈಗ 'ಹಕ್ಷರ' ಅನ್ನಲಿಲ್ಲವಲ್ಲ, ಅದೇ ದೊಡ್ಡದು ಗುರು" ಎಂದ ಅವನು.

ಮಾತು ಕೊಟ್ಟು ಮನೆಗೆ ಬಂದೆ. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳು ದೇವನಹಳ್ಳಿ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಸಂಘದ ಆ ಸಲದ ಕವಿಗೋಷ್ಠಿಯಲ್ಲಿ ಹೊಸ ಕವಿಗಳ ಸಾಲಿಗೆ ಅವಳ ಪದ್ಯವೂ ಆಯ್ಕೆಯಾಗಿತ್ತು. ವೇದಿಕೆ ಹತ್ತಿ ಓದುವುದು ಅವಳಿಗೆ ಅದೇ ಮೊದಲು.

"ಅಪ್ಪಾ, ನೀನೇ ನಿರೂಪಣೆ ಮಾಡ್ತೀಯಂತೆ, ನಿಜಾನಾ?"

"ಊಂ, ಯಾಕೆ? ನಾನು ಮಾಡ್ಬಾರ್ದಾ?"

"ನನ್ನ ಪದ್ಯದ ಹೆಸರು ಒಂದ್ಸಲ ಹೇಳು ನೋಡೋಣ."

"ಅದೇನ್ ದೊಡ್ ವಿಷ್ಯ? ಇತ್ತಲ ಇಪ್ಪುನೇರಳೆ."

ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. ಆಮೇಲೆ ಅವಳು ನಕ್ಕಿದ್ದು ಕೇಳಿಸಿತು. ಮಗಳು ನಗಲಿಲ್ಲ. ಪದ್ಯದ ಹೆಸರು 'ಹಿತ್ತಲ ಹಿಪ್ಪುನೇರಳೆ'. ಎರಡು ಪದ, ಎರಡರ ತಲೆಯ ಮೇಲೂ ಹಕಾರ.

"ಬೇರೆ ಎಸ್ರು ಇಡು ಮಗ. ರೇಷ್ಮೆ ಗಿಡ ಅಂತ ಇಡು" ಎಂದೆ.

"ಆಗಲ್ಲಪ್ಪ. ಪದ್ಯ ಇರೋದೇ ಅದರ ಮೇಲೆ." ಅವಳ ಧ್ವನಿ ಸಣ್ಣದಾಯಿತು. "ನನ್ನನ್ನು ಕರೆದ ತಕ್ಷಣ ಜನ ಗೊಳ್ ಅಂತ ನಕ್ಕುಬಿಟ್ರೆ ನನ್ನ ಕೈಲಿ ಓದಕ್ಕಾಗಲ್ಲ. ಹಾಗಾದ್ರೆ ನಾನು ಓದಲ್ಲ. ಅಲ್ಲಿಂದಾನೇ ಇಳಿದು ಮನೆಗೆ ಬಂದ್ಬಿಡ್ತೀನಿ, ಅಷ್ಟೇ."

ಅವಳು ಹೇಳಿದರೆ ಹೇಳಿದ ಹಾಗೆ ಮಾಡುವವಳು. ಆ ಹಟ ಎಲ್ಲಿಂದ ಬಂತೆಂದು ನನ್ನ ಹೆಂಡತಿಯನ್ನು ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಾಳೆ. ಬೇಕರಿಗೆ ಹೋಗಿ ಆಗುವುದಿಲ್ಲ ಎಂದು ಹೇಳಿಬರುವುದು ನನಗೆ ಸಾಧ್ಯವಿರಲಿಲ್ಲ. ಮಗಳ ಪದ್ಯ ಕೆಡಿಸುವುದಂತೂ ಮೊದಲೇ ಸಾಧ್ಯವಿರಲಿಲ್ಲ. ಉಳಿದದ್ದು ಒಂದೇ ದಾರಿ, ಕಲಿಯುವುದು. ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿ ಜೋಡಿಸುವುದನ್ನು ಯಾರ ಹತ್ತಿರವೂ ಹೇಳಿಸಿಕೊಳ್ಳದೆ ಕಲಿತವನು ನಾನು. ಒಂದು ಅಕ್ಷರಕ್ಕೆ ಹೆದರುತ್ತೇನೆಯೇ?

ಕಲಿಸಿದವಳು ಮಗಳೇ. ಬಾಯಿಯ ಮುಂದೆ ಅಂಗೈ ಹಿಡಿದು ಹ ಎಂದರೆ ಬಿಸಿಗಾಳಿ ತಾಗಬೇಕು ಎಂದಳು. ನನ್ನ ಅಂಗೈ ಕೆಲಸ ಮಾಡಿ ಮಾಡಿ ದಡ್ಡುಗಟ್ಟಿದೆ, ಗಾಳಿ ಗೀಳಿ ಅದಕ್ಕೆ ತಿಳಿಯುವುದಿಲ್ಲ. ಆಗ ನನ್ನ ಹೆಂಡತಿ ಪಕ್ಕದ ನೂಲು ಬಿಚ್ಚುವ ಮನೆಯಿಂದ ಒಂದು ಹಿಡಿ ಸಿಕ್ಕು ರೇಷ್ಮೆ ತಂದಳು. ಅದರಲ್ಲಿ ಒಂದೇ ಒಂದು ಎಳೆ ಬಿಡಿಸಿ, ಬಾಗಿಲ ಮೇಲೆ ತೋರಣ ಕಟ್ಟುವ ಮೊಳೆಗೆ ಇಳಿಬಿಟ್ಟಳು. ಎಳೆಯ ತುದಿ ಸರಿಯಾಗಿ ನನ್ನ ಬಾಯಿಯ ಮಟ್ಟಕ್ಕೆ ಬಂತು.

"ಈಗ ಏಳಿ" ಎಂದಳು.

ಇತ್ತಲ ಎಂದೆ. ಎಳೆ ಅಲ್ಲಾಡಲಿಲ್ಲ. ಹೊಟ್ಟೆಯಿಂದ ಉಸಿರೆಳೆದು ಹಿತ್ತಲ ಎಂದೆ. ಎಳೆ ಹಾರಿ ಬಾಗಿಲಿಗೆ ಅಂಟಿಕೊಂಡಿತು.

"ಅಷ್ಟು ಬೇಡಪ್ಪ, ದೀಪ ಆರಿಸೋ ಹಾಗೆ" ಎಂದು ಮಗಳು ಮೊದಲ ಸಲ ನಕ್ಕಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಳಗೆ ಹೋಗಿ ಬರುವಾಗಲೆಲ್ಲ ಬಾಗಿಲಲ್ಲಿ ನಿಂತು ಆ ಎಳೆಗೆ ಒಂದು ಮಾತು ಹೇಳಿಯೇ ದಾಟಬೇಕಾಯಿತು. ಹಾಲು. ಹೂವು. ಹಿಪ್ಪುನೇರಳೆ. ನನ್ನ ಹೆಂಡತಿಗೆ ಇದು ಆಟವಾಗಿಹೋಯಿತು. "ಏನೂಂದ್ರೆ, ಸ್ವಲ್ಪ ಹಾಆಲು ತರ್ತೀರಾ?" ಎಂದು ಎದೆಯ ಗಾಳಿಯೆಲ್ಲ ಖರ್ಚು ಮಾಡಿ ಕೇಳುವಳು. ರಸ್ತೆಯಲ್ಲೂ ನನಗೆ ಬಿಡುವಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಯಾವ ಕಡೆ ಹೋದರೂ ಬೋರ್ಡುಗಳಲ್ಲಿ ಬರೀ ಹಳ್ಳಿ, ಹಳ್ಳಿ, ಹಳ್ಳಿ. ಗಾಡಿ ಓಡಿಸುತ್ತಾ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದೆ. ದೇವನಹಳ್ಳಿ ಬಂತು, ಸರಿಯಾಗಿ ಹೇಳಿದೆ. ಮುಂದೆ ಆವತಿ. ಅದರಲ್ಲಿ ಹಕಾರವೇ ಇಲ್ಲವಲ್ಲ, ನಾಲಿಗೆಗೆ ಸ್ವಲ್ಪ ವಿಶ್ರಾಂತಿ ಎಂದುಕೊಳ್ಳುವಷ್ಟರಲ್ಲಿ ಬಾಯಿಂದ ಹೊರಟದ್ದು ಹಾವತಿ. ಅಲ್ಲಿ ನನಗೆ ಅಪಾಯ ಎಲ್ಲಿದೆ ಎಂದು ಗೊತ್ತಾಯಿತು.

ಆವತಿಯ ಕಾರ್ಯಕ್ರಮದಲ್ಲಿ ಸೆಟ್ ಜೋಡಿಸಿ, ಕಲಿತದ್ದನ್ನು ನೋಡೇಬಿಡೋಣ ಎಂದು ಮೈಕಿನಲ್ಲಿ "ಹಲೋ... ಹಲೋ..." ಎಂದೆ. ಕುರ್ಚಿ ಹಾಕುತ್ತಿದ್ದವರು ಕೆಲಸ ಬಿಟ್ಟು ತಿರುಗಿ ನೋಡಿದರು. ಪರಿಚಯದ ಒಬ್ಬರು ಹತ್ತಿರ ಬಂದು ನನ್ನ ಹಣೆ ಮುಟ್ಟಿದರು.

"ಯಾಕಣ್ಣ, ಉಷಾರಿಲ್ವಾ?"

ನಮ್ಮೂರ ಸಂಘದ ಕಾರ್ಯಕ್ರಮದ ಭಾನುವಾರ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಗೇಟಿನ ಹತ್ತಿರ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತವರು, ಅದರ ಸೊಗಡಿನ ವಾಸನೆ ವೇದಿಕೆಯವರೆಗೂ ಬರುತ್ತಿತ್ತು. ನಾನು ಎಂದಿನಂತೆ ಎಲ್ಲರಿಗಿಂತ ಮುಂಚೆ ಬಂದು ಸೆಟ್ ಜೋಡಿಸಿದ್ದೆ. ಆಮೇಲೆ ಜೇಬಿನಿಂದ ಆ ರೇಷ್ಮೆ ಎಳೆ ತೆಗೆದು, ಮೈಕ್ ಸ್ಟ್ಯಾಂಡಿನ ಕತ್ತಿಗೆ ಕಟ್ಟಿ, ತುದಿ ಸ್ಪಂಜಿನ ಮುಂದಕ್ಕೆ ಬರುವಂತೆ ಬಿಟ್ಟೆ. ಹತ್ತಿರ ನಿಂತವರಿಗೆ ಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲಿಗೆ ಕೆಂಪು ಹಳದಿ ಶಾಲು ಹಾಕಿಕೊಂಡು ಮೈಕಿನ ಮುಂದೆ ನಿಂತೆ. ಮೊದಲ ಸಾಲಿನಲ್ಲಿ ಮೇಷ್ಟ್ರು ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಮೂರನೇ ಸಾಲಿನಲ್ಲಿ ಆಟೋ ಲೀಡರು ತನ್ನ ಪಟಾಲಂ ಸಮೇತ ಹಾಜರು.

"ವೇದಿಕೆಯ ಮೇಲಿರುವ ಗಣ್ಯರಿಗೂ, ನೆರೆದಿರುವ ಎಲ್ಲ ಕನ್ನಡದ ಮನಸ್ಸುಗಳಿಗೂ ಹಾರ್ದಿಕ ಸ್ವಾಗತ."

ಎಳೆ ಅಲ್ಲಾಡಿತು. ಆರ್ಥಿಕ ಅಲ್ಲ, ಹಾರ್ದಿಕ. ಮೇಷ್ಟ್ರು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಲೀಡರ ಮುಖ ಸಪ್ಪಗಾದದ್ದು ನನಗೆ ವೇದಿಕೆಯಿಂದಲೇ ಕಂಡಿತು. ಆ ಖುಷಿಯಲ್ಲಿ ಎದೆ ಉಬ್ಬಿಸಿ ಮುಂದಿನ ಮಾತಿಗೆ ಹೋದೆ.

"ಗಣ್ಯರೆಲ್ಲರೂ ತಮ್ಮ ತಮ್ಮ ಹಾಸನಗಳಲ್ಲಿ ಹಾಸೀನರಾಗಬೇಕಾಗಿ ವಿನಂತಿ."

ಹೇಳಿದ ಮೇಲೆ ನನ್ನ ಕಿವಿಗೇ ಕೇಳಿಸಿತು. ಆಸನ ಹಾಸನವಾಗಿ, ಅಷ್ಟು ಸಾಲದೆಂದು ಆಸೀನವೂ ಅದರ ಹಿಂದೆಯೇ ಹೋಗಿತ್ತು. ಮೇಷ್ಟ್ರು ಮಫ್ಲರಿನಿಂದ ಮುಖ ಮುಚ್ಚಿಕೊಂಡರು. ನಗಬಾರದ ಗಂಟಲು, ಪಾಪ, ಹೆಗಲೆರಡೂ ಕುಣಿಯುತ್ತಿದ್ದವು. ಮೂರನೇ ಸಾಲು ಇದಕ್ಕೇ ಕಾದಿತ್ತು.

"ಅಣ್ಣಾ, ಹಾಸನಕ್ಕೆ ಆಟೋ ಬರಲ್ಲ, ಬಸ್ಸಿಗೇ ಓಗ್ಬೇಕು!"

ಇಡೀ ಶಾಮಿಯಾನ ಹೋ ಎಂದಿತು. ನಾನು ಮೈಕ್ ಬಿಟ್ಟು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಗಲಾಟೆ ಇಳಿಯುವವರೆಗೆ ನಿಂತು ಹೇಳಿದೆ.

"ನಿನ್ ಆಟೋ ಗೂಡಿನ್ ಮಾರ್ಕೆಟ್ ದಾಟಿದ್ದು ಯಾವಾಗ ಗುರು? ಅಧ್ಯಕ್ಷರೇ, ಈಗ ಇಲ್ಲೇ ಕೂತ್ಕೊಳಿ. ಊಟ ಆದ್ಮೇಲೆ ಹಾಸನಕ್ಕೆ ನಾನೇ ಬಸ್ ಮಾಡಿಸ್ತೀನಿ."

ಈ ಸಲ ಜನ ನಕ್ಕದ್ದು ಅವನನ್ನು ನೋಡಿಕೊಂಡು. ಅವನೂ ನಕ್ಕು, ಕೂತಲ್ಲಿಂದಲೇ ಸಲಾಂ ಹೊಡೆದ. ಸಭೆ ನನ್ನ ಕೈಗೆ ಬಂದಿತ್ತು. ಆದರೆ ವೇದಿಕೆಯ ಪಕ್ಕದಲ್ಲಿ ಹೊಸ ಕವಿಗಳ ಜೊತೆ ಕೂತಿದ್ದ ಮಗಳ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಿದ್ದಳು. ಅವಳ ಯೋಚನೆ ನನಗೆ ತಿಳಿಯಿತು. ಜನ ಒಂದು ಸಲ ನಕ್ಕು ರುಚಿ ನೋಡಿಬಿಟ್ಟಿದ್ದರು. ಇನ್ನು ನನ್ನ ಬಾಯಿಂದ ಮುಂದಿನ ಹಕಾರ ಯಾವಾಗ ಜಾರುತ್ತದೆ ಎಂದು ಕಾಯುತ್ತಾ ಕೂರುತ್ತಾರೆ.

ಕವಿಗೋಷ್ಠಿ ಶುರುವಾಯಿತು. ಒಬ್ಬೊಬ್ಬರನ್ನೇ ಕರೆದೆ. ಒಂದು ವಿಮಾನ ಬಂತು, ಕವಿಯೊಬ್ಬರು ನಿಲ್ಲಿಸಿ ಆಕಾಶ ನೋಡಿದರು, ಅದು ಹೋದ ಮೇಲೆ ಮುಂದುವರಿಸಿದರು. ನಾನು ಪ್ರತಿಯೊಬ್ಬರನ್ನೂ ಕರೆಯುವಾಗ ಎಳೆಯ ಮೇಲೇ ಕಣ್ಣಿಟ್ಟಿದ್ದೆ. ಬೇಕಾದಲ್ಲಿ ಅಲ್ಲಾಡಿತು, ಬೇಡದಲ್ಲಿ ಸುಮ್ಮನಿತ್ತು. ಮೂರನೇ ಸಾಲಿನವರಿಗೆ ಬೇಜಾರಾಗುತ್ತಿದ್ದದ್ದು ಗೊತ್ತಾಗುತ್ತಿತ್ತು.

ಕೊನೆಗೆ ಮಗಳ ಸರದಿ. ಅವಳು ಎದ್ದು ನಿಂತು ಚಪ್ಪಲಿ ಬಿಟ್ಟು ಮೆಟ್ಟಿಲಿಗೆ ಬಂದಳು, ಆದರೆ ಹತ್ತಲಿಲ್ಲ. ಕೆಳಗೇ ನಿಂತು ನನ್ನ ಬಾಯಿ ನೋಡಿದಳು. ಮೇಷ್ಟ್ರಿಗೆ ಯಾರು ಹೇಳಿದ್ದರೋ, ಮೊದಲ ಸಾಲಿನಲ್ಲಿ ಅವರು ತಮ್ಮ ಬಾಯಿಯ ಮುಂದೆ ಅಂಗೈ ಹಿಡಿದು ನನಗೆ ತೋರಿಸಿದರು. ಇವಳು ನನ್ನ ಮಗಳು ಎಂದು ಒಂದು ಮಾತು ಸೇರಿಸುವ ಆಸೆ ಬಹಳ ಇತ್ತು. ಸೇರಿಸಲಿಲ್ಲ. ಉಸಿರೆಲ್ಲ ಆ ಎರಡು ಪದಗಳಿಗೇ ಬೇಕಿತ್ತು. ಮೊದಲು ಅವಳ ಹೆಸರು ಹೇಳಿದೆ. ಆಮೇಲೆ ನಿಲ್ಲಿಸಿದೆ.

"ಪದ್ಯದ ಹೆಸರು... ಹಿತ್ತಲ ಹಿಪ್ಪುನೇರಳೆ."

ಎಳೆ ಎರಡು ಸಲ ಮುಂದಕ್ಕೆ ಹೋಗಿ ಬಂತು. ದೀಪ ಆರಿಸುವ ಹಾಗಲ್ಲ, ಎಷ್ಟು ಬೇಕೋ ಅಷ್ಟು. ಶಾಮಿಯಾನದಲ್ಲಿ ಯಾರೂ ನಗಲಿಲ್ಲ. ಲೀಡರು ಪಕ್ಕದವನ ಕಡೆ ತಿರುಗಿ, "ಎಂಗ್ ಅಂದ್ಬಿಟ್ಟ ನೋಡ್ಲಾ" ಎಂದದ್ದು ನನಗೆ ಕೇಳಿಸಿತು.

ಮಗಳು ಮೆಟ್ಟಿಲು ಹತ್ತಿ ಬಂದಳು. ನಾನು ಸ್ಟ್ಯಾಂಡನ್ನು ಅವಳ ಎತ್ತರಕ್ಕೆ ಇಳಿಸಿ ಪಕ್ಕಕ್ಕೆ ಸರಿದೆ. ಹಾಳೆ ಬಿಡಿಸಿ, ಸ್ಪಂಜಿನ ಮುಂದೆ ತೂಗುತ್ತಿದ್ದ ರೇಷ್ಮೆ ಎಳೆಯನ್ನು ಕಂಡಳು. ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ಮೈಕಿಗೆ ಬಾಯಿ ಹತ್ತಿರ ತಂದು, ಸ್ಪಷ್ಟವಾಗಿ, ನನ್ನದೇ ರಾಗದಲ್ಲಿ ಎಂದಳು.

"ಅಲೋ... ಅಲೋ..."

ಅಷ್ಟು ಹೊತ್ತು ತಡೆದಿಟ್ಟಿದ್ದ ನಗುವೆಲ್ಲ ಒಂದೇ ಸಲ ಬಿತ್ತು. ಅಧ್ಯಕ್ಷರು ಕುರ್ಚಿಯ ಕೈ ತಟ್ಟಿದರು, ಆಟೋದವರು ಶಿಳ್ಳೆ ಹಾಕಿದರು, ಹಿಂದೆ ಹೆಂಗಸರ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ನಾನು ಮೆಟ್ಟಿಲಿನ ಕಡೆ ನೋಡಿದೆ. ಜನ ನಕ್ಕರೆ ಇಳಿದು ಹೋಗುತ್ತೇನೆ ಎಂದವಳಲ್ಲವೇ? ಅವಳು ಇಳಿಯಲಿಲ್ಲ. ತಾನೂ ನಕ್ಕಳು. ತಲೆ ಮೇಲೆ ವಿಮಾನ ಹೋಗುವಾಗ ನಮ್ಮ ಕಡೆಯ ಕವಿಗಳು ನಿಲ್ಲುತ್ತಾರಲ್ಲ, ಹಾಗೆ ಆ ನಗು ಪೂರ್ತಿ ದಾಟಿ ಹೋಗುವವರೆಗೂ ಸಮಾಧಾನವಾಗಿ ನಿಂತು, ಆಮೇಲೆ ಓದಿದಳು.

"ಹುಳ ಸಾಕುವುದು ಬಿಟ್ಟ ಮೇಲೆ
ಹಿತ್ತಲ ಕಡ್ಡಿ ಮರವಾಯಿತು.
ಎಲೆ ಕೇಳುವವರಿಲ್ಲದೆ
ಹಣ್ಣು ಬಿಡಲು ಕಲಿಯಿತು."

ಮುಂದೆ ಇನ್ನೂ ಇತ್ತು. ನಾನು ಆಂಪ್ಲಿಫೈಯರಿನ ಹತ್ತಿರ ಬಂದು ಕೂತು ಗುಂಡಿಯ ಮೇಲೆ ಬೆರಳಿಟ್ಟೆ. ಇಷ್ಟು ವರ್ಷ ಎಷ್ಟೋ ಕವಿಗಳಿಗೆ ಸೌಂಡ್ ಏರಿಸಿದ್ದೇನೆ, ಇಳಿಸಿದ್ದೇನೆ. ಅವಳ ಧ್ವನಿಗೆ ಏನೂ ಮಾಡಬೇಕಾಗಲಿಲ್ಲ. ಬೆರಳು ಸುಮ್ಮನೆ ಅಲ್ಲಿತ್ತು.

ವೈರು ಸುತ್ತಿ ಮನೆಗೆ ಬರುವಾಗ ಮಗಳು ಲಗೇಜ್ ಆಟೋದ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ಕೇಳೇಬಿಟ್ಟೆ.

"ಬೇಕೂಂತ ಅಂದ್ಯಾ, ಇಲ್ಲ ಬಾಯಿ ತಪ್ಪಿ ಬಂತಾ?"

"ಮೈಕ್ ಟೆಸ್ಟಿಂಗ್ ಅಪ್ಪ" ಎಂದಳು. "ಮೈಕಿಗೆ ಗಾಳಿ ಆಗಲ್ಲ ಅಂತ ನೀನೇ ಹೇಳ್ತಿದ್ಯಲ್ಲ. ನಕ್ಕರೆ ನನ್ನಿಂದಾನೇ ನಗಲಿ ಅಂತ ಅನ್ನಿಸ್ತು. ಅಂದ ಮೇಲೆ ಭಯಾನೇ ಹೋಗ್ಬಿಡ್ತು."

ಈ ವರ್ಷವೂ ಸಂಘದವರು ನಿರೂಪಣೆಗೆ ನನ್ನನ್ನೇ ಹೇಳಿದ್ದಾರೆ. ಮೇಷ್ಟ್ರ ಗಂಟಲು ಸರಿಹೋಗಿದೆ, ಆದರೂ ಅವರೇ ಬೇಕರಿಗೆ ಬಂದು, "ಅವನೇ ಮಾಡಲಿ, ನಾನು ಕೂತು ಕೇಳ್ತೀನಿ" ಎಂದರಂತೆ. ಹಾರ್ದಿಕ ಈಗ ನನಗೆ ಎಳೆಯಿಲ್ಲದೆಯೂ ಬರುತ್ತದೆ. ಆಸನದ ಮುಂದೆ ಮಾತ್ರ ಒಂದು ಚೂರು ನಿಂತು, ನೋಡಿಕೊಂಡು ದಾಟುತ್ತೇನೆ. ಮೈಕ್ ಟೆಸ್ಟಿಂಗ್ ಬೇರೆ ಮಾತು. ಅದಕ್ಕೆ ನಾನು ಅಲೋ ಎಂದೇ ಹೇಳುವುದು.